ಅಂಜಿಕೆಯಿಲ್ಲದ ತಂಡ

ಒಂದೇ ಸೂರಿನಡಿ ಹತ್ತು ಮಂದಿ ಕುಳಿತ ಮಾತ್ರಕ್ಕೆ ಅವರು ತಂಡವಾಗುವುದಿಲ್ಲ. ಹತ್ತು ಊರುಗಳಲ್ಲಿ ಚದುರಿದ ಮಾತ್ರಕ್ಕೆ ತಂಡ ಒಡೆಯುವುದೂ ಇಲ್ಲ. ಹಾಗಾದರೆ ಅದನ್ನು ಬೆಸೆಯುವುದು ಯಾವುದು?

1990ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಏಮಿ ಎಡ್ಮಂಡ್‌ಸನ್ ಅವರು ಎರಡು ಆಸ್ಪತ್ರೆಗಳ ಎಂಟು ಶುಶ್ರೂಷಾ ಘಟಕಗಳನ್ನು ಅಧ್ಯಯನ ಮಾಡಿದರು. ಔಷಧ ನೀಡುವಲ್ಲಿ ಆದ ತಪ್ಪುಗಳು ಉತ್ತಮ ತಂಡಗಳಲ್ಲಿಯೇ ಹೆಚ್ಚಾಗಿ ದಾಖಲಾಗಿದ್ದವು! ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ. ಆದ ತಪ್ಪನ್ನು ಅಂಜದೆ ಹೇಳಿಕೊಳ್ಳುತ್ತಿದ್ದರು ಎಂಬುದು ಬಳಿಕ ತಿಳಿದುಬಂತು. ಅಂಜಿಕೆಯಿರುವಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಅದರ ಫಲವನ್ನು ರೋಗಿ ಉಣ್ಣಬೇಕಾಗುತ್ತದೆ.

2020ರಲ್ಲಿ ಕೊರೋನಾದಿಂದಾಗಿ ಮನೆಯೇ ಕಚೇರಿಯಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಅಮೆರಿಕದ 61,000ಕ್ಕೂ ಹೆಚ್ಚು ನೌಕರರನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನೆಯಿಂದ ದುಡಿದಾಗ ಅವರ ಒಡನಾಟ ತಮ್ಮ ಆಪ್ತ ಬಳಗಕ್ಕೇ ಸೀಮಿತವಾಗತೊಡಗಿತು. ಇತರ ವಿಭಾಗಗಳೊಡನೆ ನಂಟು ಸಡಿಲಿತು. ನೇರ ಮಾತುಕತೆ ಕುಗ್ಗಿ ಈಮೇಲ್ ಹಿಗ್ಗಿತು. ಮುಖ ಕಾಣದಿರುವಾಗ ಮೌನವನ್ನು ಮುನಿಸೆಂದು ಬಗೆಯುವುದು ಎಷ್ಟು ಸುಲಭ!

ನಮ್ಮ ಕುಟುಂಬಗಳ ಅನೇಕ ಯುವಜನರು ಇಂದು ಮನೆಯ ಕೋಣೆಯಿಂದಲೇ ದೂರದ ಕಚೇರಿಗೆ ದುಡಿಯುತ್ತಿದ್ದಾರೆ. ಅವರಲ್ಲಿ ಕೆಲವರು ಮುಖ್ಯಸ್ಥರೂ ಹೌದು. ಯಾರ ಹೊಣೆ ಏನೆಂಬುದನ್ನು ಅವರು ಬರಹದಲ್ಲಿ ಸ್ಪಷ್ಟಪಡಿಸಲಿ. ಸಭೆಯಲ್ಲಿ ಸುಮ್ಮನಿರುವವರನ್ನು ಮಾತಿಗೆ ಕರೆಯಲಿ. ಕಹಿ ಸುದ್ದಿ ತಂದವರಿಗೆ ಮೊದಲು ಕೃತಜ್ಞತೆ ಹೇಳಿ, ಆಮೇಲೆ ಪರಿಹಾರ ಹುಡುಕಲಿ. ಆಗಾಗ ಎಲ್ಲರೂ ಮುಖತಃ ಸೇರಿ ಒಟ್ಟಿಗೆ ಉಣ್ಣಲಿ.

ಕಚೇರಿಯಲ್ಲಾಗಲಿ, ಮನೆಯಲ್ಲಾಗಲಿ, ಗದರಿಕೆಯಿಂದ ವಿಧೇಯತೆ ದೊರೆತೀತು, ಸತ್ಯ ದೊರೆಯದು. ಸತ್ಯ ತಿಳಿಯದ ನಾಯಕನು ಯಾರನ್ನು ತಾನೇ ಮುನ್ನಡೆಸಬಲ್ಲನು?