ಉತ್ತರ ಕನ್ನಡದ ಜಲಪಾತಗಳು: ಬಂಡೆ, ಮಳೆ ಮತ್ತು ಕಾನು

ಶಿರಸಿ, ಸಿದ್ದಾಪುರ, ಯಲ್ಲಾಪುರ. ಈ ಮೂರು ಊರುಗಳ ಸುತ್ತಮುತ್ತ ಇರುವಷ್ಟು ಜಲಪಾತಗಳು ಕರ್ನಾಟಕದ ಬೇರೆಡೆ ಸಿಗುವುದು ಅಪರೂಪ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ಈ ನಾಲ್ಕೂ ನದಿಗಳು ಘಟ್ಟದ ಮೇಲಿನಿಂದ ಹೊರಟು ಅರಬ್ಬೀ ಸಮುದ್ರ ಸೇರುತ್ತವೆ. ದಾರಿಯಲ್ಲಿ ಅವೂ ಅವುಗಳ ಹಳ್ಳಗಳೂ ಎಲ್ಲಾದರೊಂದು ಕಡೆ ಧುಮುಕಲೇಬೇಕು. ಯಾಕೆಂದರೆ ಇಲ್ಲಿ ನೆಲವೇ ಥಟ್ಟನೆ ಕುಸಿದಿದೆ.

ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಬೇರ್ಪಟ್ಟಿತು. ಪಶ್ಚಿಮ ಘಟ್ಟದ ಕಡಿದಾದ ಮುಖದ ಕಥೆ ಶುರುವಾಗುವುದು ಆ ಬಿರುಕಿನಿಂದ. ಒಂದು ಬದಿಗೆ ಎತ್ತರದ ಪ್ರಸ್ಥಭೂಮಿ, ಇನ್ನೊಂದು ಬದಿಗೆ ಕರಾವಳಿ. ನಡುವೆ ಇಳಿಯುವ ನದಿ ತಾನು ಉರುಳಿಸಿ ತಂದ ಕಲ್ಲು, ಮರಳುಗಳಿಂದಲೇ ಬುಡದ ಬಂಡೆಯನ್ನು ಜಜ್ಜಿ ಗುಂಡಿ ತೋಡುತ್ತದೆ. ಬುಡ ಸಡಿಲವಾದಾಗ ಮೇಲಿನ ಬಂಡೆ ಬಿರುಕಿನ ಗುಂಟ ಒಡೆದು ಬೀಳುತ್ತದೆ, ಜಲಪಾತ ಒಂದಿಷ್ಟು ಹಿಂದೆ ಸರಿಯುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ನಿಂತು ಬೇಡ್ತಿ ನದಿ ಹರಿದುಹೋಗುವ ಆಳವಾದ ಕಣಿವೆಯತ್ತ ಕಣ್ಣು ಹಾಯಿಸಿ. ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುವ ಆ ನೀರು ಯಾವ ಕಡೆಯಿಂದ ಕೊರೆಯುತ್ತಾ ಬಂದಿದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಶರಾವತಿಯ ಜೋಗ ಆಡಳಿತದ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲೆಯದು, ಆದರೆ ಸಿದ್ದಾಪುರದ ಗಡಿಯಲ್ಲೇ ಇದೆ. ಎತ್ತರ 253 ಮೀಟರ್. ಗಾಳಿಯ ತಡೆಯೇ ಇಲ್ಲದಿದ್ದರೆ ಅದರ ರಾಜಾ ಎಂಬ ಕವಲಿನ ನೀರು ಸುಮಾರು 7 ಸೆಕೆಂಡಿನಲ್ಲಿ ತಳ ಮುಟ್ಟಿ, ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಬೇಕಿತ್ತು. ಆದರೆ ಬೀಳುತ್ತಾ ಬೀಳುತ್ತಾ ನೀರಿನ ಧಾರೆ ಹರಿದು ಹನಿಯಾಗುತ್ತದೆ. ಒಂಟಿ ಹನಿ ಎಷ್ಟೇ ದಪ್ಪವಿದ್ದರೂ ಗಾಳಿಯಲ್ಲಿ ಗಂಟೆಗೆ ಸುಮಾರು 30 ಕಿಲೋಮೀಟರ್ ಮೀರಿ ಓಡಲಾರದು. ಹಾಗಾಗಿ ಅಂಚಿನ ನೀರೆಲ್ಲ ತುಂತುರಾಗಿ ತೇಲುತ್ತದೆ. ಇನ್ನೊಂದು ಕವಲಾದ ರಾಣಿ ಮಾತ್ರ ಬಂಡೆಗೆ ಒರಗಿಕೊಂಡೇ ಇಳಿಯುತ್ತಾಳೆ. ಅಲ್ಲಿ ನೀರಿನೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಚದುರಿಸುವುದರಿಂದ ಹರಿವು ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ತುಂತುರಿನಲ್ಲಿ ಕಾಮನಬಿಲ್ಲು ಬೇಕೆಂದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು.

ಎಲ್ಲ ಜಲಪಾತಗಳೂ ಒಂದೇ ಬಗೆಯ ಕಲ್ಲಿನ ಮೇಲಿಲ್ಲ. ಯಾಣದ ಸಮೀಪದ ವಿಭೂತಿ ಜಲಪಾತ ಇರುವುದು ಸುಣ್ಣಕಲ್ಲಿನ ಸೀಮೆಯಲ್ಲಿ. ಮಳೆನೀರು ಗಾಳಿಯಿಂದಲೂ ಕೊಳೆಯುವ ತರಗೆಲೆಯಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲೀಯವಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಯಾಣದ ಕಪ್ಪು ಶಿಖರಗಳ ಮೊನಚು ಅಂಚುಗಳೂ ಹೀಗೆ ಕರಗಿಯೇ ಮೂಡಿದವು. ಕಾಳಿ ಕೊಳ್ಳದ ಸಾತೊಡ್ಡಿಯ ಎತ್ತರ 15 ಮೀಟರ್ ಮಾತ್ರ. ಮಕ್ಕಳು, ಹಿರಿಯರ ಜೊತೆ ಹೋಗುವವರಿಗೆ ಅದೇ ಹೆಚ್ಚು ಹಿತ. ಅಲ್ಲಿ ಧುಮುಕಿದ ನೀರು ಮುಂದೆ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರನ್ನು ಸೇರುತ್ತದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಜೋಗ ಮತ್ತು ಉಂಚಳ್ಳಿಯ ಜೋಡಿ. ಎರಡಕ್ಕೂ ಘಟ್ಟ ಒಂದೇ, ಮುಂಗಾರು ಒಂದೇ. ಆದರೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ನಾಡಿಗೆ ಬೆಳಕು ಸಿಕ್ಕಿತು. ಅಂದಿನಿಂದ ಜೋಗದ ಪೂರ್ಣ ವೈಭವ ಅಬ್ಬರದ ಮಳೆಗೆ, ತೆರೆದ ಗೇಟಿಗೆ ಕಾಯುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದ ಕಡೆಯಿಂದ ಹರಿದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಆ ನೀರಿಗೆ ಗೇಟು ತೆರೆಯುವವರು ಯಾರೂ ಇಲ್ಲ. ಇಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಹಾಗಾದರೆ ಜನವರಿಯಲ್ಲಿ ಉಂಚಳ್ಳಿಗೆ ನೀರು ಎಲ್ಲಿಂದ ಬರುತ್ತದೆ?

ಕಾನಿನಿಂದ. ನಿತ್ಯಹಸಿರು ಕಾಡಿನ ಮರಗಳ ಚಾವಣಿ ಮಳೆಯ ಹೊಡೆತವನ್ನು ತಡೆಯುತ್ತದೆ. ತರಗು ನೀರನ್ನು ಓಡಗೊಡದೆ ಹಿಡಿದಿಡುತ್ತದೆ. ಬೇರು, ಗೆದ್ದಲು, ಎರೆಹುಳು ಕೊರೆದ ಸಂದುಗಳಲ್ಲಿ ನೀರು ಇಳಿದು, ತಿಂಗಳುಗಟ್ಟಲೆ ಒಸರಿ ಹಳ್ಳಕ್ಕೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ ಕೊಳ್ಳದಲ್ಲಿ ಕಂಡುಕೊಂಡದ್ದೂ ಇದನ್ನೇ: ಸ್ವಾಭಾವಿಕ ಕಾಡು ಉಳಿದಿರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಕಾಡು ಹಾಳಾದ ಕಡೆ ಮಳೆ ನಿಂತ ಕೆಲವೇ ತಿಂಗಳಲ್ಲಿ ಬತ್ತುತ್ತವೆ.

ಸಿದ್ದಾಪುರ–ಹೊನ್ನಾವರ ದಾರಿಯ ಕತ್ತಲೆಕಾನಿನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ರಾಮಪತ್ರೆ ಜಾತಿಯ ಮರಗಳು ಸದಾ ನೀರು ನಿಂತ ಕೆಸರಿನಲ್ಲಿ ಬೆಳೆಯುತ್ತವೆ. ಕೆಸರಿನಲ್ಲಿ ಬೇರಿಗೆ ಆಮ್ಲಜನಕ ಸಾಲದು, ಆದ್ದರಿಂದ ಬೇರುಗಳು ಮಡಿಸಿದ ಮೊಣಕಾಲಿನ ಹಾಗೆ ಮೇಲೆದ್ದು, ಉಸಿರು ತೆಗೆದುಕೊಂಡು, ಮತ್ತೆ ಕೆಸರಿಗೆ ಇಳಿಯುತ್ತವೆ. ಪಕ್ಕದ ಹಳ್ಳದ ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳಿಗಿಂತ ಚಿಕ್ಕ ಕುಣಿಯುವ ಕಪ್ಪೆ ಕೂತಿರುತ್ತದೆ. ನೀರಿನ ಮೊರೆತದಲ್ಲಿ ಬರೀ ಕೂಗಿದರೆ ಸಾಲದು. ಗಂಡು ಕೂಗುತ್ತದೆ, ಜೊತೆಗೆ ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳು ಬಿಡಿಸಿ ಬೀಸಿ ಎದುರಾಳಿಗೆ ಎಚ್ಚರಿಕೆ ಕೊಡುತ್ತದೆ. ಹರಿವು ನಿಂತು ಕಲ್ಲು ಒಣಗಿದರೆ ಈ ಕಪ್ಪೆಗೆ ಬೇರೆ ನೆಲೆಯಿಲ್ಲ.

ಬೇಡ್ತಿ, ಅಘನಾಶಿನಿಗಳನ್ನು ಉಳಿಸಿಕೊಂಡವರು ಇಲ್ಲಿನ ಜನ. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ನಿಂತದ್ದು ಅವರ ವಿರೋಧದಿಂದ. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೋತಿಗೆಂದು ಕಾದ ಕಾಡು ಉಂಚಳ್ಳಿಯ ನೀರನ್ನೂ ಕಾಯುತ್ತಿದೆ.

ಹೋಗುವುದಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಜುಲೈಯಲ್ಲಿ ಮಂಜು ಕವಿದು ಎಷ್ಟೋ ಸಲ ಸದ್ದು ಮಾತ್ರ ಕೇಳಿಸುತ್ತದೆ, ಉಂಬಳದ ಕಾಟ ಬೇರೆ. ನೆತ್ತಿಯ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ. ಮೇಲೆ ಎಲ್ಲೋ ಸುರಿದ ಮಳೆ ಹಳ್ಳವನ್ನು ನಿಮಿಷಗಳಲ್ಲಿ ಉಕ್ಕಿಸಬಲ್ಲದು, ಆದ್ದರಿಂದ ನೀರಿಗಿಳಿಯುವ ಮುನ್ನ ಊರಿನವರನ್ನು ಕೇಳಿ. ಹಾಗೆಯೇ ಆ ಹಳ್ಳ ಬೇಸಿಗೆಯಲ್ಲಿ ಎಲ್ಲಿಯವರೆಗೆ ಹರಿಯುತ್ತದೆ, ಹಿಂದೆ ಎಲ್ಲಿಯವರೆಗೆ ಹರಿಯುತ್ತಿತ್ತು ಎಂದೂ ಕೇಳಿ. ಮೇಲಿನ ಕಾಡಿನ ಸ್ಥಿತಿ ಏನೆಂದು ಆ ಉತ್ತರದಿಂದಲೇ ತಿಳಿಯುತ್ತದೆ. ಜಲಪಾತವನ್ನು ಉಳಿಸುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.