ಚಳಿನಾಡಿನ ಮನೆಗೆ ಬಿಸುಪೂ ಬೇಕು, ಉಸಿರೂ ಬೇಕು

ಸ್ವೀಡನ್ನಿನಲ್ಲಿ ಜನವರಿಯ ರಾತ್ರಿ ಉಷ್ಣತೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಅಲ್ಲಿ ಹಳೆಯ ಮನೆ ಕೊಂಡು ದುರಸ್ತಿಗೆ ಹೊರಟವರ ಮೊದಲ ಚಿಂತೆ ಸುಣ್ಣಬಣ್ಣದ್ದಲ್ಲ; ಮನೆಯನ್ನು ಬೆಚ್ಚಗಿಡುವುದು ಹೇಗೆ ಎಂಬುದು. ವಿಚಿತ್ರವೆಂದರೆ, ಹೀಗೆ ಬೆಚ್ಚಗಿಡಲು ಹೋಗಿಯೇ ಒಂದು ಕಾಲಕ್ಕೆ ಆ ದೇಶದ ಎಷ್ಟೋ ಮನೆಗಳು ಕಾಯಿಲೆ ಬಿದ್ದವು.

1950ರ ದಶಕದಲ್ಲಿ ಕಟ್ಟಿದ, ನೂರು ಚದರ ಮೀಟರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ನೆಲಮಾಳಿಗೆಯಲ್ಲಿ ಎಣ್ಣೆ ಉರಿಸುವ ಬಾಯ್ಲರು. ಅದರಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಬಿಸಿಮಾಡುತ್ತದೆ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲಕ್ಕೆ ಕಡಿವಾಣ ಹಾಕಿದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಜನ ಕಿಟಕಿಯ ಸಂದುಗಳಿಗೆ ಪಟ್ಟಿ ಅಂಟಿಸಿದರು, ಗೋಡೆಗೂ ಅಟ್ಟಕ್ಕೂ ಖನಿಜ ಉಣ್ಣೆ ತುಂಬಿದರು, ಬಾಯ್ಲರು ಕಿತ್ತು ವಿದ್ಯುತ್ ಹೀಟರು ಕೂರಿಸಿದರು. ಎಣ್ಣೆಯ ಖರ್ಚೇನೋ ಉಳಿಯಿತು. ಆದರೆ ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಇಂಥ ಮನೆಗಳ ಮಲಗುವ ಕೋಣೆಯ ಮೂಲೆಗಳಲ್ಲಿ ಕಪ್ಪನೆಯ ಬೂಷ್ಟು ಕಾಣಿಸತೊಡಗಿತು.

ತಪ್ಪಿದ್ದೆಲ್ಲಿ? ಬೆಂಕಿ ಉರಿಯಲು ಗಾಳಿ ಬೇಕಷ್ಟೆ. ಬಾಯ್ಲರು ಮನೆಯೊಳಗಿನ ಗಾಳಿಯನ್ನು ಎಳೆದುಕೊಂಡು ಹೊಗೆಗೂಡಿನಿಂದ ಹೊರಹಾಕುತ್ತಿತ್ತು. ಕಾದ ಹೊಗೆಗೂಡು ಪಕ್ಕದ ಗಾಳಿಕೊಳವೆಗಳನ್ನೂ ಬೆಚ್ಚಗಿಟ್ಟು, ಅಡಿಗೆಮನೆ ಬಚ್ಚಲಿನ ಗಾಳಿ ಮೇಲೇರುವಂತೆ ಮಾಡುತ್ತಿತ್ತು. ಹಾಗೆ ಹೋದ ಗಾಳಿಯ ಜಾಗಕ್ಕೆ ಕಿಟಕಿಯ ಸಂದಿನಿಂದ ಹೊಸ ಗಾಳಿ ಬರುತ್ತಿತ್ತು. ಅಂದರೆ ಬಾಯ್ಲರು ಸದ್ದಿಲ್ಲದೆ ಎರಡು ಕೆಲಸ ಮಾಡುತ್ತಿತ್ತು. ಅದನ್ನು ಕಿತ್ತವರು ಒಂದಕ್ಕೆ ಮಾತ್ರ ಬದಲಿ ವ್ಯವಸ್ಥೆ ಮಾಡಿದ್ದರು.

ನಾಲ್ಕು ಜನರ ಸಂಸಾರದಲ್ಲಿ ಉಸಿರು, ಸ್ನಾನ, ಅಡಿಗೆ, ಒಗೆದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಸುಮಾರು ಹತ್ತು ಲೀಟರು ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. 20 ಡಿಗ್ರಿಯ ಒಂದು ಘನಮೀಟರು ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆ ಡಿಗ್ರಿಯ ಗಾಳಿ ಸುಮಾರು 5 ಗ್ರಾಂ ಮಾತ್ರ. ಕೋಣೆಯ ಗಾಳಿಯಲ್ಲಿ ಅರ್ಧದಷ್ಟು ಆವಿಯಿದ್ದರೂ ಸಾಕು, 9 ಡಿಗ್ರಿಗೆ ತಣಿದ ಗೋಡೆಯ ಮೂಲೆಯಲ್ಲಿ ಅದು ಹನಿಗಟ್ಟುತ್ತದೆ. ಬೂಷ್ಟು ಬೆಳೆಯಲು ಹನಿಯವರೆಗೂ ಕಾಯಬೇಕಿಲ್ಲ.

ನಮ್ಮ ಮಲೆನಾಡಿನವರಿಗೆ ಇಲ್ಲಿ ಒಂದು ಅಚ್ಚರಿ ಕಾದಿದೆ. ಆಷಾಢದಲ್ಲಿ ಕಿಟಕಿ ತೆರೆದರೆ ಮನೆ ಇನ್ನಷ್ಟು ತೇವವಾಗುತ್ತದೆ. ಚಳಿನಾಡಿನಲ್ಲಿ ಇದಕ್ಕೆ ತದ್ವಿರುದ್ಧ. ಸೊನ್ನೆ ಡಿಗ್ರಿಯ ಹೊರಗಾಳಿ ಆವಿಯಿಂದ ಪರ್ಯಾಪ್ತವಾಗಿದ್ದರೂ, ಒಳಗೆ ಬಂದು 20 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುತ್ತದೆ. ತಣ್ಣನೆಯ ಗಾಳಿಯೇ ಅಲ್ಲಿ ಮನೆಯನ್ನು ಒಣಗಿಸುವ ಗಾಳಿ.

ಬೂಷ್ಟಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಇನ್ನೊಂದಿತ್ತು. 1929ರಿಂದ 1975ರವರೆಗೆ ಸ್ವೀಡನ್ನಿನಲ್ಲಿ ‘ನೀಲಿ ಕಾಂಕ್ರೀಟು’ ಎಂಬ ಹಗುರವಾದ ಇಟ್ಟಿಗೆ ತಯಾರಾಗುತ್ತಿತ್ತು. ಯುರೇನಿಯಂ ಅಂಶವುಳ್ಳ ಒಂದು ಬಗೆಯ ಪದರಗಲ್ಲು ಅದರ ಕಚ್ಚಾವಸ್ತು. ಅದರಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ನಿಧಾನವಾಗಿ ಹೊರಸೂಸುತ್ತದೆ. ಮನೆಯ ಕೆಳಗಿನ ಮಣ್ಣಿನಿಂದಲೂ ಬರುತ್ತದೆ. ಸಂದುಗಳಿದ್ದಾಗ ಅದು ಹಾರಿಹೋಗುತ್ತಿತ್ತು, ಸಂದು ಮುಚ್ಚಿದ ಮೇಲೆ ಒಳಗೇ ಉಳಿಯಿತು. ಆ ದೇಶದಲ್ಲಿ ವರ್ಷಕ್ಕೆ ಸುಮಾರು 500 ಜನರ ಶ್ವಾಸಕೋಶದ ಕ್ಯಾನ್ಸರಿಗೆ ಮನೆಯೊಳಗಿನ ರೇಡಾನ್ ಕಾರಣ ಎಂಬುದು ಅಲ್ಲಿನ ಅಧಿಕಾರಿಗಳ ಅಂದಾಜು. ಶಾಲೆ, ಶಿಶುವಿಹಾರ, ವಸತಿ ಸಮುಚ್ಚಯಗಳ ಗಾಳಿ ವ್ಯವಸ್ಥೆಯ ತಪಾಸಣೆಯನ್ನು ಸರ್ಕಾರ 1991ರ ಶಾಸನದಿಂದ ಕಡ್ಡಾಯ ಮಾಡಿತು.

ಫ್ರಿಜ್ಜಿನ ಬೆನ್ನು

ಎಣ್ಣೆಯ ಬದಲು ಅಲ್ಲಿಯವರು ಈಗ ನೆಚ್ಚಿರುವುದು ಹೀಟ್ ಪಂಪ್, ಅಂದರೆ ಶಾಖವನ್ನು ಎತ್ತುವ ಪಂಪು. ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಒಳಗಿನ ಹಾಲು ತರಕಾರಿಯ ಶಾಖವನ್ನೇ ಫ್ರಿಜ್ಜು ಬೆನ್ನಿನ ಮೂಲಕ ಅಡಿಗೆಮನೆಗೆ ಸುರಿಯುತ್ತಿರುತ್ತದೆ. ಹೀಟ್ ಪಂಪಿಗೆ ಹೊರಗಿನ ಅಂಗಳವೇ ಫ್ರಿಜ್ಜಿನ ಒಳಭಾಗ, ಮನೆಯೇ ಅದರ ಬೆನ್ನು.

ಹೊರಗೆ ಮಂಜು ಸುರಿಯುತ್ತಿರುವಾಗ ಶಾಖ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕೆಲವು ಪಂಪುಗಳಲ್ಲಿ ಬಳಸುವ ಪ್ರೋಪೇನ್ ಸಾಧಾರಣ ಒತ್ತಡದಲ್ಲಿ ಮೈನಸ್ 42 ಡಿಗ್ರಿಗೇ ಕುದಿಯುತ್ತದೆ. ಅದರ ಮಟ್ಟಿಗೆ ಮೈನಸ್ 10 ಡಿಗ್ರಿಯ ಗಾಳಿಯೂ ಬಿಸಿ ಒಲೆಯೇ! ಹೊರಗಾಳಿಯ ಶಾಖ ಹೀರಿ ಆವಿಯಾದ ಅದನ್ನು ಕಂಪ್ರೆಸರ್ ಅದುಮುತ್ತದೆ, ಆವಿ ಕಾಯುತ್ತದೆ, ಮನೆಯ ನೀರಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಸಿಗುವುದು ಹೀಗೆ. ಇದರಲ್ಲಿ ಮೋಸವಿಲ್ಲ, ಉಳಿದೆರಡು ಯೂನಿಟ್ ಹೊರಗಾಳಿಯದು. ಲಾರ್ಡ್ ಕೆಲ್ವಿನ್ 1852ರಲ್ಲೇ ಈ ಉಪಾಯ ಸೂಚಿಸಿದ್ದ. 1938ರಲ್ಲಿ ಜ್ಯೂರಿಕ್ ನಗರದ ಪುರಭವನಕ್ಕೆ ಲಿಮ್ಮಾಟ್ ನದಿಯ ನೀರಿನಿಂದ ಶಾಖ ಎತ್ತುವ ಯಂತ್ರವನ್ನು ಹೂಡಿದರು.

ಆದರೆ ಎಷ್ಟು ಎತ್ತರಕ್ಕೆ ಎತ್ತಬೇಕು ಎಂಬುದರ ಮೇಲೆ ಖರ್ಚು ನಿಂತಿದೆ. ಹೊರಗೆ ಸೊನ್ನೆ ಡಿಗ್ರಿಯಿದ್ದು ರೇಡಿಯೇಟರಿಗೆ 55 ಡಿಗ್ರಿಯ ನೀರು ಬೇಕಾದರೆ ಕಾರ್ನೊ ನಿಯಮದ ಪ್ರಕಾರ ಗರಿಷ್ಠ ಅನುಪಾತ 328ನ್ನು 55ರಿಂದ ಭಾಗಿಸಿದಷ್ಟು, ಅಂದರೆ 6. ನೆಲದಡಿಯ ಕೊಳವೆಗಳಿಗೆ 35 ಡಿಗ್ರಿ ಸಾಕಾದರೆ 308ನ್ನು 35ರಿಂದ ಭಾಗಿಸಿ: ಸುಮಾರು 9. ನಿಜವಾದ ಯಂತ್ರಗಳು ಇದರ ಅರ್ಧ ಮುಟ್ಟಿದರೆ ಹೆಚ್ಚು. ಹಳೆಯ ಸಣ್ಣ ರೇಡಿಯೇಟರುಗಳನ್ನು ಹಾಗೆಯೇ ಉಳಿಸಿಕೊಂಡು ದುಬಾರಿ ಪಂಪು ತರುವುದು ಜಾಣತನವಲ್ಲ ಎನ್ನುವುದು ಇದಕ್ಕೇ.

ಲೆಕ್ಕ ಮೊದಲು, ಯಂತ್ರ ಆಮೇಲೆ

ಸ್ವೀಡನ್ನಿನ ಕಟ್ಟಡ ನಿಯಮದಂತೆ ಚದರ ಮೀಟರಿಗೆ ಸೆಕೆಂಡಿಗೆ 0.35 ಲೀಟರು ಹೊಸ ಗಾಳಿ ಬರಬೇಕು. ನಮ್ಮ ನೂರು ಚದರ ಮೀಟರಿನ ಮನೆಗೆ 35 ಲೀಟರು. ಒಂದು ಲೀಟರು ಗಾಳಿ ಒಂದು ಡಿಗ್ರಿ ಕಾಯಲು ಸುಮಾರು 1.2 ಜೂಲ್ ಬೇಕು. ಹೊರಗೆ ಮೈನಸ್ 10, ಒಳಗೆ 20 ಇದ್ದರೆ ವ್ಯತ್ಯಾಸ 30. ಗುಣಿಸಿದರೆ 1260 ವಾಟ್. ಬರೀ ಉಸಿರಾಡುವ ಗಾಳಿಗೆ ಒಂದು ಇಸ್ತ್ರಿಪೆಟ್ಟಿಗೆ ಹಗಲೂ ರಾತ್ರಿ ಉರಿದಷ್ಟು!

ಇದನ್ನು ಉಳಿಸಲು ಎರಡು ದಾರಿ. ಒಂದು, ಹೊರಹೋಗುವ ಬೆಚ್ಚನೆಯ ಗಾಳಿಯನ್ನೂ ಒಳಬರುವ ತಣ್ಣನೆಯ ಗಾಳಿಯನ್ನೂ ತೆಳು ತಗಡುಗಳ ಎರಡು ಬದಿಯಲ್ಲಿ ಹಾಯಿಸುವುದು. ಗಾಳಿ ಬೆರೆಯದೆ ಶಾಖ ಮಾತ್ರ ದಾಟುತ್ತದೆ. ಶೇಕಡಾ 80ರಷ್ಟು ದಾಟಿದರೂ ನಷ್ಟ 250 ವಾಟಿಗೆ ಇಳಿಯಿತು. ಅಡಿಗೆಮನೆ, ಬಚ್ಚಲಿನಿಂದ ಗಾಳಿ ತೆಗೆದು ಮಲಗುವ ಕೋಣೆಗಳಿಗೆ ಹೊಸ ಗಾಳಿ ಕೊಡಬೇಕಾದ್ದರಿಂದ ಕೊಳವೆಗಳ ಜಾಗವನ್ನು ಗೋಡೆ ಗಿಲಾವಿಗೆ ಮುಂಚೆಯೇ ಗುರುತಿಸಬೇಕು. ಹಳೆಯ ಮನೆಯಲ್ಲಿ ಇದೇ ದೊಡ್ಡ ತಲೆನೋವು.

ಇನ್ನೊಂದು, ಹೊರಹೋಗುವ ಗಾಳಿಯಿಂದಲೇ ಶಾಖ ಎತ್ತುವ ಪಂಪು. ಇದಕ್ಕೆ ಕೊಳವೆ ಕಡಿಮೆ. ಸ್ವೀಡನ್ನಿನ ಸಣ್ಣ ಮನೆಗಳಲ್ಲಿ ಇದು ಬಹಳ ಜನಪ್ರಿಯ. ಆದರೆ 35 ಲೀಟರು ಗಾಳಿಯನ್ನು 20ರಿಂದ ಸೊನ್ನೆಗೆ ತಣಿಸಿದರೂ ಸಿಗುವುದು 840 ವಾಟ್. ಆವಿಯ ಗುಪ್ತಶಾಖ, ಕಂಪ್ರೆಸರಿನ ವಿದ್ಯುತ್ತು ಸೇರಿಸಿದರೂ ಒಂದೂವರೆ ಕಿಲೋವಾಟಿನ ಆಸುಪಾಸು. ಉಣ್ಣೆಯ ಪದರವಿಲ್ಲದ ಹಳೆಯ ಮನೆ ಕೊರೆಯುವ ರಾತ್ರಿಯಲ್ಲಿ ಐದು ಕಿಲೋವಾಟ್ ಬೇಡಿದರೆ, ಉಳಿದದ್ದನ್ನು ಯಂತ್ರದೊಳಗಿನ ಕಾಯಿಲ್ ನೇರ ವಿದ್ಯುತ್ತಿನಿಂದಲೇ ತುಂಬುತ್ತದೆ. ಅದು ಬಿಲ್ಲು ಬಂದಾಗಲೇ ಗೊತ್ತಾಗುವುದು. ಹಾಗಾಗಿ ಮೊದಲು ಅಟ್ಟ ಮತ್ತು ಗೋಡೆಗೆ ಪದರ, ನಂತರ ಗಾಳಿಯ ದಾರಿ, ಕೊನೆಗೆ ಪಂಪಿನ ಅಳತೆ.

ಹೊರಹೋಗುವ ಗಾಳಿಯನ್ನೇ ನೆಚ್ಚಿದ ಇಂಥ ಮನೆಗಳಲ್ಲಿ ಕಿಟಕಿಯ ಮೇಲೆ ಒಂದು ಕಿರಿದಾದ ಸೀಳು ಇರುತ್ತದೆ. ಹೊಸ ಗಾಳಿ ಒಳಬರುವುದು ಅದರಿಂದಲೇ. ಚಳಿಗಾಲದಲ್ಲಿ ಅದರ ಕೆಳಗೆ ಕೂತರೆ ಕತ್ತಿಗೆ ಗಾಳಿ ತಾಗುತ್ತದೆ. ಅಲ್ಲಿಗೆ ಓದಲು ಹೋದ ನಮ್ಮ ಹುಡುಗರಿಗೆ ಅದಕ್ಕೆ ಕಾಗದ ತುರುಕೋಣ ಎನ್ನಿಸಿದರೆ ಆಶ್ಚರ್ಯವಿಲ್ಲ. ಅದರ ಬದಲು ಮೇಜನ್ನು ಎರಡು ಅಡಿ ಪಕ್ಕಕ್ಕೆ ಎಳೆದುಕೊಂಡರೆ ಸಾಕು.