ತಾನಾಗಿ ಏಳುವ ಯಂತ್ರ

ಓದು ಬಾರದವರಿಗೂ ಗಣಕಯಂತ್ರ ಎಟುಕಬೇಕೆಂಬ ಉದ್ದೇಶದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂದಿತು. ಅದರೊಳಗೆ ನಡೆಯುತ್ತಿದ್ದುದು ಲಿನಕ್ಸ್. ಕನ್ನಡ ಬರಹವನ್ನು ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವೂ ಅದಕ್ಕಾಗಿ ಸಿದ್ಧವಾಯಿತು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಲಿಪಿಯನ್ನಷ್ಟೇ ಕಲಿತ ರಾಯದುರ್ಗ, ಮಡಕಶಿರಾಗಳ ಜನರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇಂತಹ ಯಂತ್ರವು ಗುಂಡಿ ಒತ್ತಿದೊಡನೆ ಯಾರ ಆದೇಶಕ್ಕೂ ಕಾಯದೆ ಏಳಬೇಕು. ಆದರೆ ವಿದ್ಯುತ್ ಹರಿದ ಕ್ಷಣದಲ್ಲಿ ಸಂಸ್ಕಾರಕಕ್ಕೆ ಲಿನಕ್ಸ್ ಎಲ್ಲಿದೆಯೆಂಬುದೇ ತಿಳಿಯದು. ಅದು ಗೊತ್ತುಪಡಿಸಿದ ಒಂದು ವಿಳಾಸಕ್ಕೆ ಮಾತ್ರ ಹೋಗಬಲ್ಲದು. ಅಲ್ಲಿಂದ ಆರಂಭವಾಗುವ ಕಿರು ತಂತ್ರಾಂಶವೇ ಬೂಟ್ ಲೋಡರ್. ಅದು ಸ್ಮೃತಿಯನ್ನು ಸಜ್ಜುಗೊಳಿಸಿ, ಫ್ಲಾಶ್‌ನಲ್ಲಿರುವ ಲಿನಕ್ಸ್ ಕರ್ನೆಲ್ಲನ್ನು ಅದರೊಳಗೆ ಇಳಿಸಿ, ಕಡತಗಳಿರುವ ಜಾಗವನ್ನು ತಿಳಿಸಿ, ಆಡಳಿತವನ್ನು ಒಪ್ಪಿಸಿಬಿಡುತ್ತದೆ. ನಮ್ಮ ಪಠ್ಯದ ಸಂಸ್ಕೃತ ನಾಟಕಗಳಲ್ಲಿ ಪ್ರಸ್ತಾವನೆ ಮುಗಿಸಿ ಮರೆಯಾಗುವ ಸೂತ್ರಧಾರನ ಕೆಲಸವೇ ಇದು.

ಇಂದು ಬಹುವಾಗಿ ಬಳಕೆಯಲ್ಲಿರುವ ಯು-ಬೂಟ್ ಎಂಬ ಲೋಡರಿನಲ್ಲಿ, ತಾನಾಗಿ ನಡೆಯಬೇಕಾದ ಆದೇಶಗಳನ್ನು 'ಬೂಟ್‌ಸಿಎಂಡಿ' ಎಂಬ ಹೆಸರಿನಡಿ ಬರೆದಿಡುತ್ತಾರೆ. ಕರ್ನೆಲ್ಲಿಗೆ ಹೇಳಬೇಕಾದ ಮಾತು 'ಬೂಟ್‌ಆರ್ಗ್ಸ್'ನಲ್ಲಿರುತ್ತದೆ. 'ಬೂಟ್‌ಡಿಲೇ' 3 ಎಂದಿದ್ದರೆ ಮೂರು ಸೆಕೆಂಡು ಕಾದು, ಯಾರೂ ಕೀಲಿ ಒತ್ತದಿದ್ದರೆ ಮುಂದುವರಿಯುತ್ತದೆ. 'ಸೇವ್‌ಎನ್ವ್' ಎಂದು ಉಳಿಸದಿದ್ದರೆ ಮಾಡಿದ ಬದಲಾವಣೆಯೆಲ್ಲ ವಿದ್ಯುತ್ತಿನೊಡನೆ ಅಳಿಯುತ್ತದೆ. ಕಾಯುವ ಕಾಲವನ್ನು ಸೊನ್ನೆಗಿಳಿಸಿದರೆ ಯಂತ್ರ ಬೇಗ ಏಳುವುದೇನೋ ನಿಜ. ಆದರೆ ಆದೇಶ ತಪ್ಪಿದ್ದಲ್ಲಿ ನಡುವೆ ತಡೆದು ತಿದ್ದುವ ಅವಕಾಶ ಕೈತಪ್ಪಬಹುದು. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಆ ಮೂರು ಸೆಕೆಂಡುಗಳನ್ನು ಉಳಿಸಿಕೊಳ್ಳುವುದೇ ಲೇಸು.